‘ಮದರ್ ಟಂಗ್’: ಕನ್ನಡದ ಮಾತಿನ ಧಾಟಿ ಜಾಝ್ ಸಂಗೀತವಾದ ಬಗೆ



ಗಡಿಭಾಗದ ಕನ್ನಡಿಗರಿಗೆ ಒಂದು ಪ್ರಶ್ನೆ ಚೆನ್ನಾಗಿ ಗೊತ್ತು. ಪುಣೆಗೆ ಹೋಗಿ ಮರಾಠಿಯಲ್ಲಿ ನಾಲ್ಕು ಮಾತು ಆಡುವಷ್ಟರಲ್ಲಿ ಎದುರಿನವರು ‘ತುಮ್ಹಿ ಕಾನಡಿ ಕಾ?’ ಎಂದು ಕೇಳುತ್ತಾರೆ. ಬೆಂಗಳೂರಿಗೆ ಹೋಗಿ ಕನ್ನಡದಲ್ಲೇ ಮಾತಾಡಿದರೆ ‘ನೀವು ಮರಾಠಿಯವರಾ?’ ಅನ್ನುತ್ತಾರೆ. ನಾವು ಬಳಸಿದ ಪದ ಸರಿಯಾಗಿರುತ್ತದೆ, ವ್ಯಾಕರಣವೂ ಸರಿಯಾಗಿರುತ್ತದೆ. ಗುರುತು ಹಿಡಿಸಿಕೊಡುವುದು ಮಾತಿನ ಧಾಟಿ. ಮರಾಠಿಯಲ್ಲಿ ಇದಕ್ಕೆ ‘ಕಾನಡಿ ಹೇಲ್’ ಎಂದೇ ಹೆಸರಿದೆ. ಕನ್ನಡದ ಕಿವಿಗೆ ಆ ಪದ ನಗು ತರಿಸುತ್ತದೆ, ಇರಲಿ. ಅದರ ಅರ್ಥ ಮಾತಿನ ಏರಿಳಿತ, ರಾಗ ಎಳೆದು ಆಡುವ ರೀತಿ.

ಈ ಏರಿಳಿತವನ್ನೇ ಸ್ವರವಾಗಿ ಬರೆದುಕೊಂಡು, ಅದರ ಮೇಲೆ ಒಂದು ಇಡೀ ಆಲ್ಬಂ ಕಟ್ಟಿದ ಸಂಗೀತಗಾರರೊಬ್ಬರಿದ್ದಾರೆ. ಅವರ ಹೆಸರು ರುದ್ರೇಶ್ ಮಹಾಂತಪ್ಪ. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕರು. 2004ರಲ್ಲಿ ಪೈ ರೆಕಾರ್ಡಿಂಗ್ಸ್ ಸಂಸ್ಥೆ ಹೊರತಂದ ಆ ಆಲ್ಬಂ ಹೆಸರು ‘ಮದರ್ ಟಂಗ್’, ಅಂದರೆ ತಾಯ್ನುಡಿ. ಅದರಲ್ಲಿನ ಒಂದು ರಚನೆಯ ಹೆಸರೇ ‘ಕನ್ನಡ’.

ಜಾಝ್ ನಮ್ಮ ಕಡೆ ಅಷ್ಟಾಗಿ ಕೇಳುವ ಸಂಗೀತವಲ್ಲ. ಆದರೂ ಸೊಲ್ಲಾಪುರ, ಅಕ್ಕಲಕೋಟದ ನಮ್ಮ ಮನೆಗಳಿಗೆ ಈ ಆಲ್ಬಂ ಹೇಳುವ ಮಾತೊಂದಿದೆ ಎಂದು ನಮಗೆ ಅನ್ನಿಸಿದೆ. ಅದಕ್ಕಾಗಿ ಈ ಲೇಖನ.

ಯಾರು ಈ ರುದ್ರೇಶ್ ಮಹಾಂತಪ್ಪ?

ಹೆಸರು ಕೇಳಿದರೆ ನಮ್ಮ ಓಣಿಯವರೇ ಅನ್ನಿಸುತ್ತದೆ. ಮಹಾಂತಪ್ಪ ಎಂಬ ಹೆಸರಿನವರು ನಮ್ಮ ಸೀಮೆಯ ಊರೂರಿನಲ್ಲೂ ಸಿಗುತ್ತಾರೆ. ರುದ್ರೇಶ್ ಅವರ ಕುಟುಂಬದ ಮೂಲ ಕರ್ನಾಟಕ. ಅವರು ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟ್ ನಗರದಲ್ಲಿ. ಬೆಳೆದದ್ದು ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್ ಎಂಬ ಊರಿನಲ್ಲಿ. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ರುದ್ರೇಶ್ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿಯೂ ಶಿಕಾಗೊದ ಡಿಪಾಲ್ ವಿಶ್ವವಿದ್ಯಾಲಯದಲ್ಲಿಯೂ ಕಲಿತರು. ನುಡಿಸುವುದು ಆಲ್ಟೊ ಸ್ಯಾಕ್ಸೊಫೋನ್. 2007ರಲ್ಲಿ ಅವರಿಗೆ ಗುಗನ್‌ಹೈಮ್ ಫೆಲೊಶಿಪ್ ದೊರೆಯಿತು. ಮುಂದೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾಝ್ ವಿಭಾಗದ ನಿರ್ದೇಶಕರಾದರು.

ಸ್ಯಾಕ್ಸೊಫೋನ್ ಎಂದರೆ ನಮ್ಮವರಿಗೆ ಕಣ್ಣಮುಂದೆ ಬರುವುದು ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಹೊಳೆಯುವ ಬಾಗಿದ ಹಿತ್ತಾಳೆಯ ವಾದ್ಯ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಎಂಬಾತ ಇದನ್ನು ಮಾಡಿ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ. ಮೈ ಹಿತ್ತಾಳೆಯದಾದರೂ ನಾದ ಹುಟ್ಟುವುದು ಬಾಯಿಗೆ ಇಟ್ಟುಕೊಳ್ಳುವ ತೆಳ್ಳನೆಯ ರೀಡಿನಿಂದ. ಈ ಒಂದು ವಿಷಯದಲ್ಲಿ ಅದು ನಮ್ಮ ಸನಾದಿಗೆ ನೆಂಟ. ಆಲ್ಟೊ ಎಂಬುದು ಅದರ ಮಧ್ಯಮ ಗಾತ್ರದ ಬಗೆ. ಮನುಷ್ಯರ ಕಂಠ ಓಡಾಡುವ ಸ್ಥಾಯಿಯ ಬಹುಭಾಗ ಅದಕ್ಕೂ ಸಿಗುತ್ತದೆ. ಮಾತನ್ನು ಅನುಕರಿಸಲು ಹೊರಟವರಿಗೆ ಇದು ಒಳ್ಳೆಯ ಅನುಕೂಲ.

ಒಂದು ಪ್ರಶ್ನೆ, ಹಲವು ಭಾಷೆಗಳ ಉತ್ತರ

ಅಮೆರಿಕದಲ್ಲಿ ಭಾರತೀಯ ಮುಖ ಕಂಡೊಡನೆ ಕೆಲವರು ಕೇಳುವ ಪ್ರಶ್ನೆಯೊಂದಿದೆ: ‘ನೀವು ಇಂಡಿಯನ್ ಮಾತಾಡ್ತೀರಾ?’ ಇಂಡಿಯನ್ ಎಂಬ ಭಾಷೆಯೇ ಇಲ್ಲ ಎಂದು ಎಷ್ಟು ಸಲ ಹೇಳುವುದು? ಕೇಳುವವರಲ್ಲಿ ಕೆಡುಕೇನೂ ಇರಲಿಕ್ಕಿಲ್ಲ. ಆದರೆ ಆ ಒಂದು ಪ್ರಶ್ನೆ ಹತ್ತಾರು ಭಾಷೆಗಳನ್ನು ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಡುತ್ತದೆ.

ರುದ್ರೇಶ್ ಆ ಪ್ರಶ್ನೆಯನ್ನೇ ಕೆಲಸಕ್ಕೆ ಹಚ್ಚಿದರು. ಅಮೆರಿಕದಲ್ಲಿರುವ ಭಾರತೀಯ ಮೂಲದವರಿಗೆ ಅದೇ ಪ್ರಶ್ನೆ ಹಾಕಿ, ಉತ್ತರವನ್ನು ಅವರವರ ತಾಯ್ನುಡಿಯಲ್ಲಿ ಪಡೆದರು. ಆ ಉತ್ತರಗಳ ಸ್ವರದ ಏರಿಳಿತವನ್ನು ಸಂಗೀತ ಲಿಪಿಯಲ್ಲಿ ಬರೆದುಕೊಂಡರು. ಹೀಗೆ ಬಂದ ಸ್ವರಸಾಲುಗಳು ಆಲ್ಬಂನ ರಚನೆಗಳಿಗೆ ಬೀಜವಾದವು. ಕನ್ನಡ, ತೆಲುಗು, ತಮಿಳು, ಗುಜರಾತಿ, ಕೊಂಕಣಿ ಮುಂತಾಗಿ ಆಯಾ ಭಾಷೆಯ ಹೆಸರನ್ನೇ ಆಯಾ ರಚನೆಗೆ ಇಟ್ಟರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಸಾಮಾನ್ಯವಾಗಿ ‘ಕನ್ನಡ ಸಂಗೀತ’ ಎಂದರೆ ನಾವು ಕನ್ನಡದ ಹಾಡು ಎಂದುಕೊಳ್ಳುತ್ತೇವೆ: ವಚನ, ದಾಸರ ಪದ, ಭಾವಗೀತೆ, ಸಿನಿಮಾ ಹಾಡು. ಅಲ್ಲೆಲ್ಲ ಕನ್ನಡ ಇರುವುದು ಸಾಹಿತ್ಯದಲ್ಲಿ, ರಾಗ ಬೇರೆ ಕಡೆಯಿಂದ ಬರುತ್ತದೆ. ‘ಮದರ್ ಟಂಗ್’ನಲ್ಲಿ ಕನ್ನಡ ಇರುವುದು ರಾಗದಲ್ಲಿ. ಪದಗಳನ್ನು ತೆಗೆದಿಟ್ಟ ಮೇಲೂ ಒಂದು ಭಾಷೆ ತನ್ನ ನಡಿಗೆಯಿಂದ ಬೇರೆಯಾಗಿ ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೆ ಈ ಆಲ್ಬಂ ನಿಂತಿದೆ. ‘ಇಂಡಿಯನ್ ಮಾತಾಡ್ತೀರಾ’ ಎಂದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುವುದು ಕಷ್ಟ.

ಮಾತನ್ನು ಸ್ವರಕ್ಕೆ ಇಳಿಸುವುದು ಹೇಗೆ?

ಇದರಲ್ಲಿ ಗುಟ್ಟೇನೂ ಇಲ್ಲ, ಸಂಗೀತ ಬಲ್ಲ ಯಾರಾದರೂ ಮಾಡಿನೋಡಬಹುದು. ಮೊದಲು ಮಾತನ್ನು ಧ್ವನಿಮುದ್ರಿಸಿಕೊಳ್ಳಬೇಕು. ಒಂದು ಸಣ್ಣ ತುಣುಕನ್ನು, ಎರಡು ಮೂರು ಸೆಕೆಂಡಿನಷ್ಟನ್ನು ಮಾತ್ರ, ಮತ್ತೆ ಮತ್ತೆ ಕೇಳಬೇಕು. ಏಳೆಂಟು ಸಲ ಕೇಳುವಷ್ಟರಲ್ಲಿ ಅರ್ಥ ಹಿಂದೆ ಸರಿದು ಸ್ವರ ಮುಂದೆ ಬರುತ್ತದೆ. ಆಗ ಹಾರ್ಮೋನಿಯಂ ಮೇಲೆ ಬೆರಳಿಟ್ಟು ಯಾವ ಅಕ್ಷರ ಯಾವ ಮನೆಯಲ್ಲಿ ಬಿತ್ತು ಎಂದು ಹುಡುಕಬೇಕು. ಮಾತು ಸ್ವರದಿಂದ ಸ್ವರಕ್ಕೆ ಜಿಗಿಯುವುದಕ್ಕಿಂತ ಜಾರುವುದೇ ಹೆಚ್ಚು, ಆದ್ದರಿಂದ ಹತ್ತಿರದ ಸ್ವರವನ್ನು ಆರಿಸಿಕೊಳ್ಳಬೇಕಾಗುತ್ತದೆ. ಆಮೇಲೆ ಯಾವ ಅಕ್ಷರ ಎಷ್ಟು ಹೊತ್ತು ನಿಂತಿತು, ಎಲ್ಲಿ ಉಸಿರು ತೆಗೆದುಕೊಂಡರು, ಯಾವುದಕ್ಕೆ ಒತ್ತು ಬಿತ್ತು ಎಂದು ಗುರುತು ಹಾಕಬೇಕು.

ನಮ್ಮ ಮಾತನ್ನೇ ತೆಗೆದುಕೊಳ್ಳೋಣ. ‘ಊಟಾತೇನ್ರಿ?’ ಎಂದು ನಿಜವಾಗಿ ಕೇಳುವಾಗ ಕೊನೆಯ ‘ರಿ’ ಮೇಲಕ್ಕೆ ಹೋಗುತ್ತದೆ. ಬೀದಿಯಲ್ಲಿ ಎದುರಾದವರಿಗೆ ಬರೀ ಉಪಚಾರಕ್ಕೆ ಅದೇ ಮಾತು ಹೇಳುವಾಗ ‘ರಿ’ ಕೆಳಗಿಳಿದು ಮೆತ್ತಗಾಗುತ್ತದೆ. ಅದಕ್ಕೇ ಎದುರಿನವರೂ ಉತ್ತರಕ್ಕೆ ನಿಲ್ಲದೆ ‘ಆತ್ರಿ’ ಎಂದು ಮುಂದೆ ಹೋಗುತ್ತಾರೆ. ‘ಬರ್ರಿ ಬರ್ರಿ’ ಎಂದು ಬೀಗರನ್ನು ಒಳಗೆ ಕರೆಯುವ ಧಾಟಿ ಬೇರೆ, ‘ಬರ್ರಿ ಲಗೂನ’ ಎಂದು ಬಸ್ಸು ತಪ್ಪುವ ಹೊತ್ತಿಗೆ ಅವಸರಿಸುವ ಧಾಟಿ ಬೇರೆ. ‘ಯವ್ವಾ’ ಎಂಬ ಎರಡಕ್ಷರ ಪ್ರೀತಿಯೂ ಆಗುತ್ತದೆ, ಗಾಬರಿಯೂ ಆಗುತ್ತದೆ, ಬೇಸರವೂ ಆಗುತ್ತದೆ. ಬರಹದಲ್ಲಿ ಎಲ್ಲವೂ ಒಂದೇ. ವ್ಯತ್ಯಾಸ ಇರುವುದೆಲ್ಲ ಸ್ವರದಲ್ಲಿ. ಈ ವ್ಯತ್ಯಾಸ ನಮಗೆ ಯಾರೂ ಶಾಲೆಯಲ್ಲಿ ಕಲಿಸಲಿಲ್ಲ, ತೊಟ್ಟಿಲಲ್ಲೇ ಬಂತು.

ಹೀಗೆ ಇಳಿಸಿಕೊಂಡ ಸಾಲಿಗೆ ಒಂದು ವಿಶೇಷವಿರುತ್ತದೆ. ಯಾರೂ ಎಂಟೆಣಿಸಿ ಮಾತಾಡುವುದಿಲ್ಲ. ಆದ್ದರಿಂದ ಮಾತಿನಿಂದ ಬಂದ ಸ್ವರಸಾಲು ನಾಲ್ಕು ನಾಲ್ಕರ ಸಮ ಲೆಕ್ಕಕ್ಕೆ ಕೂಡುವುದಿಲ್ಲ. ಐದು, ಏಳು, ಒಂಬತ್ತು, ನಡುವೆ ಒಂದು ಅರ್ಧ ಹೀಗೆ ವಕ್ರವಾಗಿ ಬರುತ್ತದೆ. ಮಾತನ್ನು ಸಂಗೀತ ಮಾಡುವವರ ಎದುರು ಎರಡು ದಾರಿ ಇರುತ್ತವೆ. ಆ ವಕ್ರತೆಯನ್ನು ತಿದ್ದಿ ಸಮ ತಾಳಕ್ಕೆ ಕೂಡಿಸುವುದು ಒಂದು. ವಕ್ರತೆಯನ್ನೇ ತಾಳವಾಗಿ ಒಪ್ಪಿಕೊಂಡು ಉಳಿದ ವಾದ್ಯಗಳನ್ನು ಅದಕ್ಕೆ ಹೊಂದಿಸುವುದು ಇನ್ನೊಂದು. ಎರಡನೆಯದು ಕಷ್ಟದ ದಾರಿ. ಆದರೆ ಮಾತಿನ ನಡಿಗೆ ಉಳಿಯುವುದು ಅದರಲ್ಲೇ.

ನಾಲ್ವರ ತಂಡ

ಈ ಆಲ್ಬಂನಲ್ಲಿ ನುಡಿಸಿದವರು ನಾಲ್ವರು. ಆಲ್ಟೊ ಸ್ಯಾಕ್ಸೊಫೋನ್ ರುದ್ರೇಶ್ ಅವರದು. ಪಿಯಾನೊ ವಿಜಯ್ ಐಯರ್ ಅವರದು. ಅವರೂ 1971ರಲ್ಲೇ ಹುಟ್ಟಿದವರು, ಅಮೆರಿಕಕ್ಕೆ ವಲಸೆ ಹೋದ ತಮಿಳು ಕುಟುಂಬದವರು. ಬಾಸ್ ನುಡಿಸಿದವರು ಫ್ರಾನ್ಸಿನ ಫ್ರಾಂಸ್ವಾ ಮೂತಾಂ. ಡ್ರಮ್ಸ್ ಎಲಿಯಟ್ ಹುಂಬರ್ತೊ ಕಾವಿ. ಒಬ್ಬರು ಕನ್ನಡ ಮನೆತನದವರು, ಒಬ್ಬರು ತಮಿಳು ಮನೆತನದವರು, ಉಳಿದಿಬ್ಬರು ಭಾರತದವರಲ್ಲ. ಕನ್ನಡದ ಮಾತಿನಿಂದ ಹುಟ್ಟಿದ ರಚನೆಯನ್ನು ನಾಲ್ವರೂ ಸೇರಿ ನಡೆಸಬೇಕು.

ಜಾಝ್ ಕೇಳಿ ಅಭ್ಯಾಸವಿಲ್ಲದವರಿಗೆ ಒಂದು ಕೀಲಿ ಕೊಡುತ್ತೇವೆ. ಹೆಚ್ಚಿನ ಜಾಝ್ ರಚನೆಗಳಲ್ಲಿ ಮೊದಲು ಒಂದು ಮಟ್ಟನ್ನು ಎಲ್ಲರೂ ಸೇರಿ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಆ ಮಟ್ಟಿನ ಚೌಕಟ್ಟಿನೊಳಗೆ ಆಶುವಾಗಿ ವಿಸ್ತಾರ ಮಾಡುತ್ತಾರೆ. ಕೊನೆಗೆ ಮತ್ತೆ ಮಟ್ಟಿಗೆ ಮರಳುತ್ತಾರೆ. ಮಲ್ಲಿಕಾರ್ಜುನ ಮನಸೂರರ ಬಂದಿಶ್, ಆಲಾಪ, ತಾನ್ ಕೇಳಿ ಬೆಳೆದ ಕಿವಿಗೆ ಇದು ಪೂರಾ ಹೊಸದಲ್ಲ. ಬಂದಿಶಿನ ಮುಖಡಾ ಹಿಡಿದು ಗಾಯಕರು ಎಷ್ಟು ದೂರ ಹೋದರೂ ಸಮಕ್ಕೆ ಬಂದು ಮುಟ್ಟುತ್ತಾರಲ್ಲ, ಹಾಗೇ. ಬಾಸ್ ಇಲ್ಲಿ ನೆಲ. ಡ್ರಮ್ಸ್ ತಬಲೆಯಂತೆ ಲೆಕ್ಕ ಹಿಡಿಯುವುದರ ಜೊತೆಗೆ ಎದುರು ಮಾತೂ ಆಡುತ್ತದೆ. ಪಿಯಾನೊ ಕೆಲವೊಮ್ಮೆ ಹಿನ್ನೆಲೆ, ಕೆಲವೊಮ್ಮೆ ಸ್ಯಾಕ್ಸೊಫೋನಿನ ಜೊತೆ ಜಗಳ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಮ್ಮ ಸಂಗೀತದಲ್ಲಿ ಷಡ್ಜ ಅಲುಗಾಡದೆ ತಂಬೂರಿಯಲ್ಲಿ ಕೂತಿರುತ್ತದೆ. ಜಾಝಿನಲ್ಲಿ ಕೆಳಗಿನ ಸ್ವರಮೇಳಗಳು ಬದಲಾಗುತ್ತ ಹೋಗುತ್ತವೆ, ಕಾಲ ಕೆಳಗಿನ ನೆಲವೇ ಸರಿದಂತೆ. ಮೊದಲ ಸಲ ಕೇಳಿದಾಗ ‘ಇದೇನು ಗಡಬಡ’ ಅನ್ನಿಸುವುದು ಇದರಿಂದಲೇ. ರುದ್ರೇಶ್ ಅವರ ವಾದನ ಬೇರೆ ವೇಗದ್ದು, ಚೂಪಾದ ನಾದದ್ದು. ಎರಡನೆಯ ಸಲಕ್ಕೆ ಕಿವಿ ಹದಕ್ಕೆ ಬರುತ್ತದೆ.

ಮಾತಿಗೆ ಕಿವಿಗೊಟ್ಟ ಹಿಂದಿನವರು

ಮಾತಿನಿಂದ ಸ್ವರ ಹೆಕ್ಕುವ ಕೆಲಸ ಸಂಗೀತಕ್ಕೆ ಹೊಸದಲ್ಲ. ಈಗಿನ ಚೆಕ್ ದೇಶದ ಮೊರಾವಿಯಾ ಪ್ರಾಂತದಲ್ಲಿ ಲಿಯೋಷ್ ಯಾನಾಚೆಕ್ (1854–1928) ಎಂಬ ಸಂಗೀತಕಾರ ಇದ್ದ. ಸಂತೆಯಲ್ಲಿ, ಬೀದಿಯಲ್ಲಿ ಜನ ಆಡುವ ಮಾತಿನ ಸ್ವರಗಳನ್ನು ಕೇಳಿ ಕಿಸೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಆ ಕಾಲದಲ್ಲಿ ಅವನ ನಾಡಿನಲ್ಲಿ ಆಡಳಿತದ ಭಾಷೆ, ದೊಡ್ಡ ಮನೆತನಗಳ ಭಾಷೆ ಜರ್ಮನ್. ಅವನು ಕಿವಿಗೊಟ್ಟದ್ದು ಹಳ್ಳಿಯವರ ಆಡುಮಾತಿಗೆ. ಹಾಗೆ ಕಲಿತ ಪಾಠ ಅವನ ಸಂಗೀತ ನಾಟಕಗಳಿಗೆ ಬಂತು, ಪಾತ್ರಗಳು ಆ ನೆಲದ ಜನ ಮಾತಾಡಿದಂತೆ ಹಾಡತೊಡಗಿದವು. 1903ರಲ್ಲಿ ಅವನ ಮಗಳು ಓಲ್ಗಾ ತೀರಿಕೊಂಡಳು. ಹಾಸಿಗೆ ಹಿಡಿದ ಮಗಳ ಕೊನೆಯ ದಿನಗಳ ಮಾತನ್ನೂ ಅವನು ಸ್ವರದಲ್ಲಿ ಬರೆದಿಟ್ಟ. ಧ್ವನಿಮುದ್ರಣ ಮನೆಮನೆಗೆ ಬಂದಿರದ ಕಾಲ. ಮಗಳ ದನಿಯನ್ನು ಉಳಿಸಿಕೊಳ್ಳಲು ಆ ತಂದೆಗೆ ಗೊತ್ತಿದ್ದ ದಾರಿ ಅದೊಂದೇ.

ಅಮೆರಿಕದ ಸ್ಟೀವ್ ರೈಶ್ 1988ರಲ್ಲಿ ‘ಡಿಫರೆಂಟ್ ಟ್ರೇನ್ಸ್’ ಎಂಬ ಕೃತಿ ರಚಿಸಿದರು. ತಮ್ಮನ್ನು ಬಾಲ್ಯದಲ್ಲಿ ಸಾಕಿದ ದಾದಿಯ ಮಾತು, ಯಹೂದಿಗಳ ಹತ್ಯಾಕಾಂಡದಿಂದ ಬದುಕಿ ಉಳಿದವರ ಮಾತು, ಇವುಗಳ ಮುದ್ರಿಕೆಯನ್ನೇ ಅದರಲ್ಲಿ ಬಳಸಿ, ಆ ಮಾತಿನ ಏರಿಳಿತವನ್ನು ಪಿಟೀಲು ಬಳಗದ ವಾದ್ಯಗಳಿಂದ ನುಡಿಸಿದರು. ಕೇಳುವಾಗ ಮನುಷ್ಯರು ಆಡಿದ್ದನ್ನು ತಂತಿ ವಾದ್ಯ ಹಿಂದೆಯೇ ಆಡುತ್ತದೆ.

ಈ ಇಬ್ಬರ ಸಾಲಿನಲ್ಲಿ ‘ಮದರ್ ಟಂಗ್’ ಇಟ್ಟು ನೋಡಿದರೆ ಅದರ ಹೊಸತನ ಕಾಣುತ್ತದೆ. ಒಂದೇ ಪ್ರಶ್ನೆಗೆ ಹಲವು ಭಾಷೆಗಳಲ್ಲಿ ಬಂದ ಉತ್ತರಗಳನ್ನು ಅಕ್ಕಪಕ್ಕ ಇಟ್ಟಿರುವುದರಿಂದ ಭಾಷೆ ಭಾಷೆಯ ನಡುವಿನ ವ್ಯತ್ಯಾಸವೇ ಇಲ್ಲಿ ವಸ್ತುವಾಗಿದೆ. ಕನ್ನಡ, ಮರಾಠಿ, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಕೇಳುವ ಸೊಲ್ಲಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೂರ್ವಭಾಗದ ನೇಕಾರರ ಓಣಿಯಲ್ಲಿ ನಡೆದರೆ ತೆಲುಗಿನ ಧಾಟಿ ಒಂದು ತೆರ, ನಾಲ್ಕು ಹೆಜ್ಜೆ ಆಚೆ ಕನ್ನಡ ಮತ್ತೊಂದು ತೆರ. ಪದ ಕಿವಿಗೆ ಬೀಳುವ ಮೊದಲೇ ಯಾವ ಮನೆ ಎಂದು ನಾವು ಹೇಳಿಬಿಡುತ್ತೇವೆ.

ನಮ್ಮ ಊರ ಹೆಸರಿನಲ್ಲೇ ತಾಳ

ಮಾತಿನೊಳಗೆ ಲಯ ಇದೆ ಎಂಬುದನ್ನು ನಮ್ಮ ಹಿರಿಯರು ಛಂದಸ್ಸಿನಲ್ಲಿ ಎಂದೋ ಲೆಕ್ಕ ಹಾಕಿಟ್ಟಿದ್ದಾರೆ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು ಮಾತ್ರೆ, ಅದು ಗುರು. ಅನುಸ್ವಾರವಿದ್ದರೂ ಗುರುವೇ. ಈ ಲೆಕ್ಕವನ್ನು ನಮ್ಮ ಊರುಗಳಿಗೇ ಹಚ್ಚಿ ನೋಡಿ.

‘ದುಧನಿ’ ಎಂದರೆ ಮೂರು ಲಘು, ಮೂರು ಮಾತ್ರೆ. ‘ಮೈಂದರಗಿ’ಗೆ ಮೈಂ ಎರಡು, ಉಳಿದ ಮೂರಕ್ಕೆ ಒಂದೊಂದು, ಒಟ್ಟು ಐದು. ‘ಸೊಲ್ಲಾಪುರ’ ಎಂದರೆ ಸೊ ಎರಡು, ಲ್ಲಾ ಎರಡು, ಪು ಒಂದು, ರ ಒಂದು, ಒಟ್ಟು ಆರು. ‘ಅಕ್ಕಲಕೋಟ’ ಎಂದರೆ ಅ ಎರಡು, ಕ್ಕ ಒಂದು, ಲ ಒಂದು, ಕೋ ಎರಡು, ಟ ಒಂದು, ಒಟ್ಟು ಏಳು. ಅದನ್ನು ‘ಅಕ್ಕ’ ‘ಲಕೋಟ’ ಎಂದು ಒಡೆದರೆ ಮೂರು ಮತ್ತು ನಾಲ್ಕು. ಕುಮಾರವ್ಯಾಸ ಭಾರತ ಹೇಳಿದ ಭಾಮಿನಿ ಷಟ್ಪದಿಯ ನಡಿಗೆ ಇದೇ ಮೂರು ನಾಲ್ಕು. ಎರಡು ಸಲ ‘ಅಕ್ಕಲಕೋಟ ಅಕ್ಕಲಕೋಟ’ ಎಂದರೆ ಹದಿನಾಲ್ಕು ಮಾತ್ರೆ, ದೀಪಚಂದಿ ತಾಳದ ಒಂದು ಆವರ್ತನ ಸರಿಯಾಗಿ ತುಂಬುತ್ತದೆ. ಕೈತಟ್ಟಿ ಹೇಳಿನೋಡಿ, ಮಕ್ಕಳಿಗೂ ಹೇಳಿಕೊಡಿ. ಏಳರ ತಾಳ ಪಾಶ್ಚಾತ್ಯ ಸಂಗೀತ ಕಲಿಯುವವರಿಗೆ ಕಠಿಣ ಎನಿಸುವ ಲೆಕ್ಕ. ನಾವು ಬಸ್ ಸ್ಟ್ಯಾಂಡಿನಲ್ಲಿ ಟಿಕೇಟು ಕೇಳುವಾಗಲೇ ಅದನ್ನು ಹೇಳಿಬಿಟ್ಟಿರುತ್ತೇವೆ.

ಕದ್ರಿಯವರ ದಾರಿ ಮತ್ತು ‘ಕಿನ್ಸ್‌ಮೆನ್’

ರುದ್ರೇಶ್ ಅವರ ಕಥೆಯನ್ನು ಕದ್ರಿ ಗೋಪಾಲನಾಥರ ಹೆಸರಿಲ್ಲದೆ ಮುಗಿಸಲಾಗದು. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿಯವರು ನಾಗಸ್ವರ ವಾದಕರ ಮನೆಯವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಅದಕ್ಕೆ ಮನಸೋತರು. ಗಮಕ ನುಡಿಸಲು ಒಗ್ಗದ ಆ ವಾದ್ಯವನ್ನು ವರ್ಷಗಟ್ಟಲೆ ಪಳಗಿಸಿ ಕರ್ನಾಟಕ ಸಂಗೀತದ ವೇದಿಕೆಗೆ ತಂದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು.

ರುದ್ರೇಶ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ ಅಣ್ಣ ತಮಾಷೆಗೆಂಬಂತೆ ಒಂದು ಮುದ್ರಿಕೆ ತಂದುಕೊಟ್ಟರು. ಅದು ಕದ್ರಿಯವರ ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’. ತಮಾಷೆ ಎಂದು ಬಂದದ್ದು ದೊಡ್ಡ ಪಾಠವಾಯಿತು. ತಾನು ಜಾಝಿಗಾಗಿ ಹಿಡಿದ ಅದೇ ವಾದ್ಯದಲ್ಲಿ, ತನ್ನ ಹಿರಿಯರ ನಾಡಿನವರೊಬ್ಬರು ಇನ್ನೊಂದು ಲೋಕವನ್ನೇ ಕಟ್ಟಿದ್ದಾರೆ ಎಂದು ತಿಳಿಯಿತು. ಮುಂದೆ ನ್ಯೂಯಾರ್ಕಿನ ಏಷ್ಯಾ ಸೊಸೈಟಿಯ ಬೆಂಬಲದಿಂದ ಇಬ್ಬರೂ ಒಂದು ವೇದಿಕೆಗೆ ಬಂದರು. ಆ ಕೂಟದ ಹೆಸರು ದಕ್ಷಿಣ ಎನ್ಸೆಂಬಲ್. 2008ರಲ್ಲಿ ಇವರ ‘ಕಿನ್ಸ್‌ಮೆನ್’ ಆಲ್ಬಂ ಬಂತು. ಕಿನ್ಸ್‌ಮೆನ್ ಎಂದರೆ ಬಂಧುಗಳು. ಎರಡು ಆಲ್ಟೊ ಸ್ಯಾಕ್ಸೊಫೋನ್‌ಗಳ ಜೊತೆಗೆ ಎ. ಕನ್ಯಾಕುಮಾರಿ ಅವರ ಪಿಟೀಲು, ಪೂವಲೂರ್ ಶ್ರೀಜಿ ಅವರ ಮೃದಂಗ, ರೆಝ್ ಅಬ್ಬಾಸಿ ಅವರ ಗಿಟಾರ್, ಕಾರ್ಲೊ ಡಿರೋಸಾ ಅವರ ಬಾಸ್, ರಾಯಲ್ ಹಾರ್ಟಿಗನ್ ಅವರ ಡ್ರಮ್ಸ್. ‘ಗಣೇಶ’, ‘ಕಲ್ಯಾಣಿ’ ಎಂಬ ಹೆಸರಿನ ರಚನೆಗಳು ಇದರಲ್ಲಿವೆ.

ಎರಡೂ ಆಲ್ಬಂಗಳನ್ನು ಅನುಕ್ರಮದಲ್ಲಿ ನೋಡಿದರೆ ಒಂದು ದಾರಿ ಕಾಣುತ್ತದೆ. 2004ರಲ್ಲಿ ರುದ್ರೇಶ್ ಹಿರಿಯರ ಭಾಷೆಗಳ ಮಾತಿನ ಧಾಟಿಗೆ ಕಿವಿಗೊಟ್ಟರು. 2008ರ ಹೊತ್ತಿಗೆ ಹಿರಿಯರ ನಾಡಿನ ಸಂಗೀತದ ಎದುರು ಕೂತು ಸಮಸಮವಾಗಿ ನುಡಿಸಿದರು. ಮೊದಲು ಮಾತು, ಆಮೇಲೆ ಹಾಡು. ಮಕ್ಕಳು ಭಾಷೆ ಕಲಿಯುವುದೂ ಹೀಗೆಯೇ ಅಲ್ಲವೇ?

ಧಾಟಿ ಉಳಿದರೆ ಭಾಷೆ ಉಳಿಯಿತೇ?

ಇದೆಲ್ಲ ಓದಿ ಕೆಲವು ಸದಸ್ಯರು ಕೇಳಬಹುದು: ಸ್ಯಾಕ್ಸೊಫೋನಿನಲ್ಲಿ ಕನ್ನಡದ ಧಾಟಿ ಬಂದರೆ ನಮ್ಮ ಮಕ್ಕಳಿಗೇನು ಬಂತು? ನ್ಯಾಯವಾದ ಪ್ರಶ್ನೆ. ನಮ್ಮ ಉತ್ತರವನ್ನೂ ನೇರವಾಗಿ ಹೇಳುತ್ತೇವೆ.

ಧಾಟಿ ಮಾತ್ರ ಉಳಿದರೆ ಸಾಲದು. ‘ಕನ್ನಡ’ ಎಂಬ ಆ ರಚನೆಯನ್ನು ಎಷ್ಟು ಸಲ ಕೇಳಿದರೂ ಒಂದು ವಚನದ ಅರ್ಥ ತಿಳಿಯುವುದಿಲ್ಲ. ಸೊನ್ನಲಿಗೆಯ ಸಿದ್ಧರಾಮ ಹನ್ನೆರಡನೆಯ ಶತಮಾನದಲ್ಲಿ ಇದೇ ಊರಿನಲ್ಲಿ ಆಡಿದ ಮಾತು ಇಂದು ನಮಗೆ ಸಿಕ್ಕಿರುವುದು ಯಾರೋ ಅದನ್ನು ಓಲೆಯ ಮೇಲೆ ಬರೆದಿಟ್ಟದ್ದರಿಂದ. ಸೊಲ್ಲಾಪುರದ ಜಯದೇವಿ ತಾಯಿ ಲಿಗಾಡೆಯವರು ಕನ್ನಡ, ಮರಾಠಿ ಎರಡರಲ್ಲೂ ಬರೆದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಆ ಪೀಠಕ್ಕೇರಿದ ಮೊದಲ ಮಹಿಳೆಯಾದರು. ಅವರ ಬಲವೂ ಬರಹವೇ. ಆದ್ದರಿಂದ ಲಿಪಿ ಕಲಿಸುವ ಕೆಲಸಕ್ಕೆ ಬದಲಿ ಇಲ್ಲ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಕನ್ನಡ ಶಾಲೆಗಳು ತುಂಬಿರಬೇಕು ಎಂಬ ನಮ್ಮ ಆಗ್ರಹ ಇದ್ದೇ ಇದೆ.

ಆದರೆ ಇನ್ನೊಂದು ಮಾತೂ ನಿಜ. ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಓದಲು ಬಾರದು, ಮಾತಾಡಲು ಬರುತ್ತದೆ. ಹತ್ತು ಹನ್ನೆರಡು ವರ್ಷವಾಗುತ್ತಲೇ ಆ ಮಾತಾಡುವುದನ್ನೂ ನಿಲ್ಲಿಸುತ್ತಾರೆ. ಯಾಕೆ? ಮರಾಠಿ ಗೆಳೆಯರು ‘ಹೇಲ್’ ಎಂದು ನಗುತ್ತಾರೆ. ಬೆಂಗಳೂರಿನ ಬಳಗದವರು ‘ಇದ್ಯಾವ ಕನ್ನಡ’ ಎಂದು ನಗುತ್ತಾರೆ. ಎರಡೂ ಕಡೆ ನಗೆಗೆ ಈಡಾಗುವುದು ಒಂದೇ ವಸ್ತು, ಆ ಧಾಟಿ. ಯಾವುದಕ್ಕೆ ಮಗು ನಾಚಿಕೊಂಡಿತೋ ಅದನ್ನು ಬಾಯಿಗೆ ತರುವುದು ಬಿಡುತ್ತದೆ. ಬಾಯಿಗೆ ಬರದ ಭಾಷೆಯ ಲಿಪಿ ಕಲಿಸಿ ಏನು ಉಪಯೋಗ?

‘ಮದರ್ ಟಂಗ್’ ನಮಗೆ ಒದಗುವುದು ಇಲ್ಲಿ. ನಾಚಿಕೆಯ ವಸ್ತು ಎಂದು ಮಗು ಮುಚ್ಚಿಡುವುದನ್ನೇ ಒಬ್ಬ ದೊಡ್ಡ ಕಲಾವಿದ ಹುಡುಕಿಕೊಂಡು ಹೋಗಿ, ಸ್ವರಸ್ವರವಾಗಿ ಬರೆದುಕೊಂಡು, ಅದರ ಮೇಲೆ ರಚನೆ ಕಟ್ಟಿದ್ದಾನೆ ಎಂದು ಅದಕ್ಕೆ ತೋರಿಸಬಹುದು. ಅವರು ಸಮುದ್ರದ ಆಚೆ ಮುದ್ರಿಸಿಕೊಂಡು ಬರೆದುಕೊಳ್ಳಬೇಕಾಗಿದ್ದದ್ದು ನಮ್ಮಲ್ಲಿ ಅಡುಗೆಮನೆಯಲ್ಲಿ ಬಿಟ್ಟಿ ಸಿಗುತ್ತದೆ. ಅಜ್ಜಿ ಇರುವವರೆಗೆ ಸಿಗುತ್ತದೆ.

ಕೇಳುವುದು ಹೇಗೆ? ಮನೆಯಲ್ಲಿ ಮಾಡುವುದೇನು?

ಮೊದಲು ‘ಕನ್ನಡ’ ರಚನೆಯನ್ನು ಒಂದು ಸಲ ಸುಮ್ಮನೆ ಕೇಳಿ. ಎರಡನೆಯ ಸಲ ಆರಂಭದ ಮಟ್ಟಿಗೆ ಮಾತ್ರ ಗಮನ ಕೊಡಿ: ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಒಂದೇ ಸ್ವರ ಒತ್ತೊತ್ತಾಗಿ ಬರುತ್ತದೆ. ಆಮೇಲೆ ‘ತೆಲುಗು’ ಕೇಳಿ, ಎರಡರ ನಡಿಗೆಯಲ್ಲಿ ವ್ಯತ್ಯಾಸ ಸಿಕ್ಕಿತೇ ನೋಡಿ. ಸಿಗದಿದ್ದರೂ ಚಿಂತೆಯಿಲ್ಲ, ವಾದ್ಯ ಮಾತಿನಿಂದ ಬಹಳ ದೂರ ಹೋಗಿರುತ್ತದೆ. ಕೊನೆಗೆ ‘ಕಿನ್ಸ್‌ಮೆನ್’ ಹಾಕಿ ಎರಡು ಸ್ಯಾಕ್ಸೊಫೋನ್‌ಗಳಲ್ಲಿ ಯಾವುದು ಕದ್ರಿಯವರದು ಎಂದು ಗುರುತಿಸಿ. ಗಮಕ ಬಲ್ಲ ಕಿವಿಗೆ ಇದು ತಟ್ಟನೆ ಸಿಗುತ್ತದೆ.

ಇನ್ನು ಮನೆಗೆಲಸ. ಮೊಬೈಲ್ ತೆಗೆದುಕೊಂಡು, ಮನೆಯ ಹಿರಿಯರ ಒಪ್ಪಿಗೆ ಕೇಳಿ, ಒಂದು ನಿಮಿಷ ಅವರ ಮಾತು ಮುದ್ರಿಸಿಕೊಳ್ಳಿ. ಪ್ರಶ್ನೆ ಒಂದೇ ಇರಲಿ: ‘ಅಜ್ಜಿ, ನಮ್ಮ ಭಾಷಾ ಯಾವುದು?’ ಉತ್ತರ ಹೇಗೆ ಬಂತೋ ಹಾಗೇ ಇರಲಿ. ನಡುವೆ ಮರಾಠಿ ಪದ ಬಂದರೆ ಬರಲಿ, ತಿದ್ದಬೇಡಿ. ಆಮೇಲೆ ಮಕ್ಕಳಿಂದ ಮೂರು ಕೆಲಸ ಮಾಡಿಸಿ. ಒಂದು, ಪದ ಬಿಟ್ಟು ಬರೀ ‘ಊಂ ಊಂ’ ಎಂದು ಆ ಧಾಟಿಯನ್ನು ಗುನುಗಬೇಕು. ಎರಡು, ಅದಕ್ಕೆ ಕೈತಟ್ಟಿ ಲಯ ಹಿಡಿಯಬೇಕು. ಮೂರು, ಅಜ್ಜಿ ಆಡಿದ್ದನ್ನು ಆಡಿದ ಹಾಗೇ ಕನ್ನಡ ಲಿಪಿಯಲ್ಲಿ ಬರೆಯಬೇಕು. ‘ಮನಿ’ ಎಂದರೆ ‘ಮನಿ’ ಎಂದೇ, ‘ಶಾಳಿ’ ಎಂದರೆ ‘ಶಾಳಿ’ ಎಂದೇ. ಲಿಪಿ ಬಾರದ ಮಗುವಿಗೆ ಅಕ್ಷರ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಇಲ್ಲ, ಏಕೆಂದರೆ ಬರೆಯುತ್ತಿರುವುದು ಸ್ವಂತ ಅಜ್ಜಿಯ ಮಾತು.

ಮುಂದಿನ ತಿಂಗಳ ಕೂಟದಲ್ಲಿ ಈ ಎರಡೂ ಆಲ್ಬಂಗಳಿಂದ ಆಯ್ದ ರಚನೆಗಳನ್ನು ಕೇಳಿಸಬೇಕೆಂದು ಯೋಚಿಸಿದ್ದೇವೆ. ನೀವು ಮುದ್ರಿಸಿದ ಒಂದು ನಿಮಿಷದ ಮಾತುಗಳನ್ನೂ ತನ್ನಿ. ಹಿರಿಯರ ಹೆಸರು, ಊರು ಬರೆದಿಟ್ಟುಕೊಂಡಿರಿ. ಹಾರ್ಮೋನಿಯಂ, ಕೊಳಲು, ಕ್ಲಾರಿನೆಟ್, ಸನಾದಿ ಬಲ್ಲವರು ವಾದ್ಯದೊಂದಿಗೆ ಬಂದರೆ ಇನ್ನೂ ಚಲೋ. ಯಾರದೋ ಅಜ್ಜಿಯ ‘ಹೌದೇನ್ರಿ’ ಯಾವ ಸ್ವರದಿಂದ ಯಾವ ಸ್ವರಕ್ಕೆ ಹೋಗುತ್ತದೆ ಎಂದು ಕೂಡಿ ಹುಡುಕೋಣ. ದುಧನಿ, ಮೈಂದರಗಿ, ಅಕ್ಕಲಕೋಟದ ಕಡೆಯಿಂದ ಬರುವವರು ಮುಂಚಿತವಾಗಿ ತಿಳಿಸಿದರೆ ಕೊನೆಯ ಬಸ್ಸಿನ ವೇಳೆ ನೋಡಿ ಕೂಟ ಮುಗಿಸುತ್ತೇವೆ. ಮಕ್ಕಳನ್ನು ಕರೆದುಕೊಂಡು ಬರ್ರಿ.